ಬಂಡೆಯ ಬುಡದವರೆಗೆ, ಬಂಡೆಯ ಮೇಲೂ: ಹೆಣ್ಣುಮಕ್ಕಳು ಬೆಟ್ಟದ ಶೂ ಆರಿಸುವ ಬಗ್ಗೆ

(ಜರ್ಮನಿಯ ಕನ್ನಡಿಗರ ವಾರ್ಷಿಕ ಸಮ್ಮೇಳನದ ಆರೋಗ್ಯ ಮತ್ತು ಹವ್ಯಾಸ ಗೋಷ್ಠಿಯಲ್ಲಿ ಮಾಡಿದ ಆಶಯ ಭಾಷಣದ ಪಠ್ಯ)



ಆಶಯ ಭಾಷಣ ಅಂದರೆ ಸಾಮಾನ್ಯವಾಗಿ ಭಾಷೆ, ಸಂಸ್ಕೃತಿ, ಮುಂದಿನ ಪೀಳಿಗೆ, ಇಂಥ ದೊಡ್ಡ ವಿಷಯಗಳಿರುತ್ತವೆ. ನನಗೆ ಸಂಘದವರು ಫೋನ್ ಮಾಡಿ, "ನೀವು ಹತ್ತು ವರ್ಷದಿಂದ ಬೆಟ್ಟ ಹತ್ತುತ್ತೀರಿ, ಏನಾದರೂ ಮಾತಾಡಿ" ಅಂದರು. ಏನು ಮಾತಾಡಲಿ ಎಂದು ಯೋಚಿಸಿ ಕೊನೆಗೆ ಶೂ ಬಗ್ಗೆ ಮಾತಾಡುತ್ತೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಶೂ ಅಂದರೆ... ಕಾಲಿಗೆ ಹಾಕುವ ಶೂನಾ ಮೇಡಂ?" ಎಂದು ಕೇಳಿದರು. ಹೌದು, ಅದೇ ಶೂ. ಇವತ್ತು ಅಷ್ಟೇ ಮಾತಾಡುವುದು. ಯಾಕೆ ಎನ್ನುವುದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನಿರುವುದು ಮ್ಯೂನಿಕ್‌ನಲ್ಲಿ. ವಾಹನಗಳ ರಬ್ಬರ್ ಸೀಲುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ನಾವು ಐದು ಜನ ಹೆಂಗಸರು ಕಾಂಪನ್‌ವಾಂಡ್ ಬೆಟ್ಟಕ್ಕೆ ಹೋದೆವು. ಕೀಮ್‌ಸೇ ಸರೋವರದ ದಕ್ಷಿಣಕ್ಕೆ, ಆಶಾವ್ ಊರಿನ ಮೇಲೆ ಹಲ್ಲಿನ ಸಾಲಿನ ಹಾಗೆ ಕಾಣುವ ಸುಣ್ಣಕಲ್ಲಿನ ಬೆಟ್ಟ. 1669 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಕಡಿಮೆ. ಕೇಬಲ್ ಕಾರ್ ಹತ್ತಿದರೆ ಮುಕ್ಕಾಲು ಬೆಟ್ಟ ಕೂತಲ್ಲೇ ಮುಗಿಯುತ್ತದೆ. ಅಲ್ಲಿಂದ ಸ್ಟೈನ್‌ಲಿಂಗ್ ಆಲ್ಮ್‌ವರೆಗೆ ಅಜ್ಜಿಯಂದಿರೂ ನಡೆಯುವ ದಾರಿ. ಅದರಾಚೆ ಪೂರ್ವ ಶಿಖರಕ್ಕೆ ಹೋಗುವ ಕೊನೆಯ ಒಂದು ಗಂಟೆಯ ದಾರಿ ಮಾತ್ರ ಬೇರೆ ಥರ. ಕಡಿದಾದ ಜಲ್ಲಿ, ಕೈಸರ್‌ಸಾಲ್ ಎನ್ನುವ ಬಂಡೆಗಳ ಸಂದು, ಕೈ ಊರಿ ಹತ್ತುವ ಮೆಟ್ಟಿಲುಗಳು, ಅಲ್ಲಲ್ಲಿ ತಂತಿ ಹಗ್ಗ.

ಗುಂಪಿನಲ್ಲಿ ಒಬ್ಬ ಹೊಸ ಗೆಳತಿ ಇದ್ದಳು. ಊರಿಂದ ಬಂದು ಐದು ತಿಂಗಳಾಗಿತ್ತು. ಹಿಂದಿನ ದಿನ ನನಗೆ ಮೆಸೇಜ್ ಹಾಕಿ, "ಅಕ್ಕಾ, ನನ್ನ ಹತ್ತಿರ ಜಿಮ್ಮಿಗೆ ಹಾಕುವ ರನ್ನಿಂಗ್ ಶೂ ಇದೆ, ಸಾಕಾ? ಬೇರೆ ತಗೋಬೇಕಾ?" ಎಂದು ಕೇಳಿದಳು. ನಾನು ಆಫೀಸಿನಲ್ಲಿ ಏನೋ ಮಾಡುತ್ತಿದ್ದೆ. ಒಂದೇ ಪದದ ಉತ್ತರ ಕಳಿಸಿದೆ: "ಸಾಕು."

ಹತ್ತುವಾಗ ಏನೂ ಆಗಲಿಲ್ಲ. ಶಿಲುಬೆಯ ಹತ್ತಿರ ನಿಂತು ಫೋಟೋ ತೆಗೆದೆವು, ಚಪಾತಿ, ಚಟ್ನಿಪುಡಿ ತಿಂದೆವು. ಅಷ್ಟರಲ್ಲಿ ಒಂದು ಸಣ್ಣ ಮಳೆ ಬಂದು ಹೋಯಿತು. ಕೊನೆಯ ಕೇಬಲ್ ಕಾರ್ ತಪ್ಪೀತು ಎಂದು ಅವಸರದಲ್ಲಿ ಇಳಿದೆವು. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ಲ, ಕಾಂಪನ್‌ವಾಂಡ್ ಹತ್ತಿರದಿಂದಲೂ ನುಣ್ಣಗೆ. ತಲೆಮಾರುಗಳಿಂದ ಸಾವಿರಾರು ಜನ ತುಳಿದು ತುಳಿದು ಅಲ್ಲಿನ ಸುಣ್ಣಕಲ್ಲು ದೇವಸ್ಥಾನದ ಹೊಸ್ತಿಲಿನ ಹಾಗೆ ಹೊಳೆಯುತ್ತದೆ. ಅಂಥ ಒಂದು ಒದ್ದೆ ಮೆಟ್ಟಿಲಲ್ಲಿ ಅವಳ ಬಲಗಾಲು ಜಾರಿತು. ಬಿದ್ದದ್ದು ಎರಡು ಅಡಿ ಮಾತ್ರ. ಆದರೆ ಕಾಲು ಶೂ ಒಳಗೇ ಹೊರಳಿ ಕಣಕಾಲಿನ ಎಲುಬು ಮುರಿಯಿತು.

112ಕ್ಕೆ ಫೋನ್ ಮಾಡಿದೆವು. ಬೆರ್ಗ್‌ವಾಖ್ಟ್ ಸ್ವಯಂಸೇವಕರು ಬಂದರು. ಶನಿವಾರ ತಮ್ಮ ಮನೆ ಕೆಲಸ ಬಿಟ್ಟು ಬಂದ ಜನ. ನಮ್ಮಲ್ಲಿ ಒಬ್ಬರಿಗೂ ಒಂದು ಬೈಗುಳದ ಮಾತು ಆಡಲಿಲ್ಲ. ಅವರಲ್ಲೊಬ್ಬರು ಅವಳ ಶೂ ಬಿಚ್ಚಿ ತಿರುಗಿಸಿ ಅಟ್ಟೆ ನೋಡಿ, ಪಕ್ಕಕ್ಕೆ ಇಟ್ಟರು, ಅಷ್ಟೇ. ನನಗೆ ಅದು ಸಾಕಾಯಿತು.

ಈಗ ನೀವು ಲೆಕ್ಕ ಹಾಕಿ. ಐದು ತಿಂಗಳು ಅಂದರೆ ಅವಳಿನ್ನೂ ಪ್ರೋಬೆತ್ಸೈಟ್‌ನಲ್ಲಿ, ಅಂದರೆ ಪರೀಕ್ಷಾ ಅವಧಿಯಲ್ಲಿ ಇದ್ದಳು. ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದಾದ ಕಾಲ. ವೀಸಾ ಕೆಲಸದ ಮೇಲೆ, ಕೆಲಸ ಕಾಲಿನ ಮೇಲೆ. ಊರಲ್ಲಿ ಅಮ್ಮನಿಗೆ ನಿಜ ಹೇಳಲಾಗದೆ "ಆಫೀಸಿನ ಮೆಟ್ಟಿಲ ಮೇಲೆ ಜಾರಿದೆ" ಅಂದಳು. ಆ ಸುಳ್ಳಿಗೆ ಫೋನಿನಲ್ಲಿ ನಾನೂ ದನಿಗೂಡಿಸಿದೆ. ಅವಳ ಕೆಲಸ ಉಳಿಯಿತು, ಅವಳ ಮೇಲಧಿಕಾರಿ ಒಳ್ಳೆಯವರು. ಆದರೆ ಆ ಆರು ವಾರ ನಾನು ಅವಳ ಮನೆಗೆ ಸಾರು ಅನ್ನ ಹೊತ್ತುಕೊಂಡು ಹೋಗುವಾಗಲೆಲ್ಲ ನನ್ನ "ಸಾಕು" ನೆನಪಾಗುತ್ತಿತ್ತು.

ಶೂ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮಳೆ ಇತ್ತು, ಅವಸರ ಇತ್ತು, ದಣಿವು ಇತ್ತು. ಆದರೆ ಆ ನಾಲ್ಕರಲ್ಲಿ ಹಿಂದಿನ ದಿನವೇ ಸರಿ ಮಾಡಬಹುದಾಗಿದ್ದದ್ದು ಶೂ ಒಂದೇ. ಅದನ್ನು ಅವಳು ಕೇಳಿಯೂ ಇದ್ದಳು. ಅಂದಿನಿಂದ ಯಾರಾದರೂ ಶೂ ಬಗ್ಗೆ ಕೇಳಿದರೆ ನಾನು ಒಂದು ಪದದಲ್ಲಿ ಉತ್ತರ ಕೊಡುವುದಿಲ್ಲ. ಇವತ್ತಿನದು ಅದೇ ಪ್ರಶ್ನೆಗೆ ನನ್ನ ಉದ್ದನೆಯ ಉತ್ತರ.

ಮೊದಲು, ಅಪ್ರೋಚ್ ಶೂ ಅಂದರೆ ಏನು? ಇಲ್ಲಿನ ಅಂಗಡಿಗಳಲ್ಲಿ ಇದಕ್ಕೆ ತ್ಸೂಷ್ಟೀಗ್ಸ್‌ಶೂ ಅನ್ನುತ್ತಾರೆ. ತ್ಸೂಷ್ಟೀಗ್ ಅಂದರೆ ಬಂಡೆಯ ಬುಡದವರೆಗಿನ ದಾರಿ. ಬಂಡೆ ಹತ್ತುವವರು ಗೋಡೆಯ ಮೇಲೆ ಬಿಗಿಯಾದ ಕ್ಲೈಂಬಿಂಗ್ ಶೂ ಹಾಕುತ್ತಾರೆ. ಅದರಲ್ಲಿ ನೂರು ಹೆಜ್ಜೆ ನಡೆದರೆ ಕಣ್ಣಲ್ಲಿ ನೀರು ಬರುತ್ತದೆ. ದಪ್ಪ ಟ್ರೆಕ್ಕಿಂಗ್ ಬೂಟಿನಲ್ಲಿ ನಡೆಯಬಹುದು, ಆದರೆ ಸಣ್ಣ ಅಂಚಿನ ಮೇಲೆ ಕಾಲಿಟ್ಟರೆ ಕಲ್ಲು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಇವೆರಡರ ನಡುವಿನದು ಅಪ್ರೋಚ್ ಶೂ. ಗಂಟೆಗಟ್ಟಲೆ ನಡೆಯಬಹುದು, ಬೇಕಾದಲ್ಲಿ ಸುಲಭದ ಬಂಡೆಯನ್ನೂ ಹತ್ತಬಹುದು.

ಈ "ಎರಡು ಶೂ" ಸಮಸ್ಯೆ ಹಳೆಯದು. 1930ರ ದಶಕದಲ್ಲಿ ಆಲ್ಪ್ಸ್‌ನಲ್ಲಿ ನಡೆಯುವುದಕ್ಕೆ ಮೊಳೆ ಹೊಡೆದ ಚರ್ಮದ ಬೂಟು, ಬಂಡೆಗೆ ಬಟ್ಟೆಯ ಅಥವಾ ಫೆಲ್ಟ್ ಅಟ್ಟೆಯ ಹಗುರ ಶೂ ಬಳಸುತ್ತಿದ್ದರು. 1935ರಲ್ಲಿ ಪುಂಟಾ ರಾಸಿಕಾ ಎನ್ನುವ ಶಿಖರದಲ್ಲಿ ಹಿಮಗಾಳಿಗೆ ಸಿಕ್ಕಿ ಇಟಲಿಯ ಆರು ಜನ ಸತ್ತರು. ಕಾಲಲ್ಲಿದ್ದ ಶೂ ಆ ಹವೆಗೆ ತಕ್ಕದ್ದಲ್ಲದೇ ಇದ್ದದ್ದೂ ಒಂದು ಕಾರಣ ಎನ್ನಲಾಯಿತು. ಅವರ ಗೆಳೆಯ, ಮಿಲಾನಿನ ವಿತಾಲೆ ಬ್ರಮಾನಿ, ಎರಡೂ ಕೆಲಸ ಮಾಡುವ ಒಂದು ರಬ್ಬರ್ ಅಟ್ಟೆ ಮಾಡಬೇಕೆಂದು ಕೂತ. ಟೈರ್ ತಯಾರಿಸುವ ಪಿರೆಲ್ಲಿಯವರ ನೆರವಿನಿಂದ 1937ರಲ್ಲಿ ಅದು ಬಂತು. ವಿತಾಲೆಯ "ವಿ", ಬ್ರಮಾನಿಯ "ಬ್ರಂ" ಸೇರಿ ವಿಬ್ರಮ್. ನಿಮ್ಮ ಶೂ ಕೆಳಗಿನ ಹಳದಿ ಎಂಟು ಮೂಲೆಯ ಗುರುತಿನ ಹಿಂದೆ ಆರು ಜನರ ಸಾವಿದೆ. ಆಮೇಲೆ 1985ರಲ್ಲಿ ಅಮೆರಿಕದ ಚಾರ್ಲ್ಸ್ ಕೋಲ್ ಎಂಬ ಬಂಡೆ ಹತ್ತುವವರು ಫೈವ್ ಟೆನ್ ಕಂಪನಿ ಶುರು ಮಾಡಿ, ಅಂಟುವ ರಬ್ಬರನ್ನು ಮಾಮೂಲಿ ಶೂ ಕೆಳಗೆ ಹಾಕಿ ಫೈವ್ ಟೆನ್ನಿ ಮಾರಿದರು. ಮೊದಲ ಅಪ್ರೋಚ್ ಶೂ ಎಂದು ಹಲವರು ಹೇಳುವುದು ಅದನ್ನೇ. ಇವತ್ತು ಲಾ ಸ್ಪೋರ್ಟಿವಾ, ಸ್ಕಾರ್ಪಾ, ಸಲೇವಾ, ಹಾನ್‌ವಾಗ್, ಲೋವಾ ಎಲ್ಲರೂ ಮಾಡುತ್ತಾರೆ.

ಇದರ ಒಳಗೆ ಏನಿದೆ ನೋಡೋಣ. ಅಂಗಡಿಯಲ್ಲಿ ಶೂ ಕೈಗೆ ತಗೊಂಡರೆ ಬಣ್ಣ ನೋಡುವ ಮೊದಲು ನಾಲ್ಕು ಜಾಗ ನೋಡಿ.

ಒಂದು, ಅಟ್ಟೆಯ ಮುಂಭಾಗ. ಹೆಬ್ಬೆರಳಿನ ಕೆಳಗೆ ಉಬ್ಬುತಗ್ಗು ಇಲ್ಲದ ಒಂದು ನುಣುಪು ಜಾಗ ಇರುತ್ತದೆ. ಅದನ್ನು ಕ್ಲೈಂಬಿಂಗ್ ಜೋನ್ ಅನ್ನುತ್ತಾರೆ. ಸಣ್ಣ ಅಂಚಿನ ಮೇಲೆ ನಿಲ್ಲುವುದು ಆ ಜಾಗದಿಂದ. ನನ್ನ ವೃತ್ತಿಯೇ ರಬ್ಬರ್ ಆದ್ದರಿಂದ ಇದೊಂದು ಮಾತು ಹೇಳಿಬಿಡುತ್ತೇನೆ: ಮೆತ್ತನೆಯ ರಬ್ಬರ್ ಕಲ್ಲಿನ ಕಣ್ಣಿಗೆ ಕಾಣದ ಒರಟಿನೊಳಗೆ ಇಳಿದು ಹಿಡಿಯುತ್ತದೆ, ಗಟ್ಟಿ ರಬ್ಬರ್ ಮೇಲೆಮೇಲೆ ಕೂರುತ್ತದೆ. ಆದರೆ ಮೆತ್ತನೆಯದು ಬೇಗ ಸವೆಯುತ್ತದೆ. ದಿನಾ ಆಫೀಸಿಗೆ, ಸೂಪರ್‌ಮಾರ್ಕೆಟ್ಟಿಗೆ ಅದನ್ನೇ ಹಾಕಿಕೊಂಡು ಹೋದರೆ ಬೆಟ್ಟಕ್ಕೆ ಬೇಕಾದ ರಬ್ಬರನ್ನು ಟಾರು ರಸ್ತೆಗೆ ದಾನ ಮಾಡಿದ ಹಾಗೆ.

ಎರಡು, ಅಟ್ಟೆಯ ಉಳಿದ ಭಾಗ. ಕೆಲವದರಲ್ಲಿ ಸಣ್ಣ ಬೊಟ್ಟಿನಂಥ ಚುಕ್ಕೆಗಳಿರುತ್ತವೆ. ಒಣ ಬಂಡೆಗೆ ಬಹಳ ಚೆನ್ನಾಗಿದೆ. ಕೆಸರಿನಲ್ಲಿ, ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಅದೇ ಅಟ್ಟೆ ಸ್ಕೇಟ್ ಆಗುತ್ತದೆ. ಬವೇರಿಯಾದ ಬೆಟ್ಟಗಳಲ್ಲಿ ಬಂಡೆಗೆ ಹೋಗುವ ಮೊದಲು ದನ ಮೇಯುವ ಒದ್ದೆ ಹುಲ್ಲುಗಾವಲು, ಬೇರು ತುಂಬಿದ ಕಾಡು ಎರಡೂ ಇರುತ್ತವೆ. ಹಾಗಾಗಿ ಇಲ್ಲಿ ನಡೆಯುವವರಿಗೆ ಮುಂದೆ ಕ್ಲೈಂಬಿಂಗ್ ಜೋನ್, ನಡುವೆ ಮತ್ತು ಹಿಮ್ಮಡಿಯಲ್ಲಿ ಆಳವಾದ ಹಲ್ಲು ಇರುವ ಅಟ್ಟೆ ಒಳ್ಳೆಯದು. ಇಳಿಯುವಾಗ ಹಿಡಿಯುವುದು ಹಿಮ್ಮಡಿಯ ಹಲ್ಲು.

ಮೂರು, ಗಟ್ಟಿತನ. ಶೂ ಎರಡೂ ತುದಿ ಹಿಡಿದು ಬಗ್ಗಿಸಿ, ಆಮೇಲೆ ಬಟ್ಟೆ ಹಿಂಡುವ ಹಾಗೆ ತಿರುಚಿ. ರನ್ನಿಂಗ್ ಶೂ ಒಗೆದ ಟವೆಲ್ ಹಾಗೆ ತಿರುಚಿಕೊಳ್ಳುತ್ತದೆ. ಅದರ ದಪ್ಪ ಸ್ಪಂಜಿನ ಮೇಲೆ ಕಾಲು ಎತ್ತರದಲ್ಲಿ ಕೂತಿರುತ್ತದೆ. ಓರೆ ಕಲ್ಲಿನ ಮೇಲೆ ನಿಂತರೆ ಸ್ಪಂಜು ಒಂದು ಕಡೆ ಕುಸಿದು ಕಾಲು ಹೊರಳುತ್ತದೆ. ನನ್ನ ಗೆಳತಿಗೆ ಆದದ್ದು ಅದೇ. ಅಪ್ರೋಚ್ ಶೂ ಮುಂಭಾಗದಲ್ಲಿ ಬಾಗಬೇಕು, ತಿರುಚಲು ಹೋದರೆ ತಡೆಯಬೇಕು.

ನಾಲ್ಕು, ದಾರ ಮತ್ತು ಬೆರಳಿನ ಸುತ್ತಲಿನ ರಬ್ಬರ್. ಬಂಡೆ ಹತ್ತುವ ಶೂ ಹಾಗೆ ಲೇಸು ಬೆರಳಿನ ಬುಡದವರೆಗೆ ಇಳಿದಿರಬೇಕು. ನಡೆಯುವಾಗ ಮುಂದೆ ಸಡಿಲ, ಬಂಡೆಯ ಹತ್ತಿರ ಬಂದಾಗ ಬಿಗಿ, ಇಳಿಯುವಾಗ ಮೇಲ್ಭಾಗ ಬಿಗಿ. ಹೀಗೆ ಒಂದೇ ಶೂ ದಿನಕ್ಕೆ ಮೂರು ಬಾರಿ ಕಟ್ಟಿಕೊಳ್ಳುವುದು ಸೋಮಾರಿತನ ಅನ್ನಿಸಿದರೂ ರೂಢಿ ಮಾಡಿಕೊಳ್ಳಿ.

ಎಲ್ಲ ಬೆಟ್ಟಕ್ಕೂ ಇದೇ ಶೂ ಬೇಕಾ? ಬೇಡ. ಮೊದಲು ನೀವು ಹೋಗುವ ದಾರಿ ಯಾವುದು ನೋಡಿ. ಬವೇರಿಯಾದಲ್ಲಿ ದಾರಿಯ ಫಲಕಕ್ಕೆ ನೀಲಿ, ಕೆಂಪು, ಕಪ್ಪು ಗುರುತು ಇರುತ್ತದೆ: ಸುಲಭ, ಮಧ್ಯಮ, ಕಷ್ಟ. ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ಬಿನ ಅಳತೆಯಲ್ಲಿ ಟಿ1ರಿಂದ ಟಿ6ರವರೆಗೆ ಇದೆ. ನೀಲಿ ದಾರಿಗೆ, ಟಿ1ಕ್ಕೆ ಅಟ್ಟೆ ಸವೆಯದ ಯಾವುದೇ ಒಳ್ಳೆಯ ವಾಕಿಂಗ್ ಶೂ ನಡೆಯುತ್ತದೆ. ಅಲ್ಲಿಗೂ 180 ಯೂರೋ ಖರ್ಚು ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಮತೋಲಕ್ಕೆ ಕೈ ಬೇಕಾಗುವ ಟಿ3, ಮುಂದೆ ಸಾಗಲಿಕ್ಕೇ ಕೈ ಬೇಕಾಗುವ ಟಿ4, ಸುಲಭದ ಕ್ಲೆಟರ್‌ಷ್ಟೈಗ್‌ಗಳು, ಇಲ್ಲಿ ಅಪ್ರೋಚ್ ಶೂ ತನ್ನ ಮನೆಯಲ್ಲಿದೆ. ಹಿಮ ಉಳಿದಿರುವ ಜೂನ್ ತಿಂಗಳ ಎತ್ತರದ ದಾರಿ, ಹಿಮನದಿ, ಕ್ರಾಂಪನ್ ಕಟ್ಟುವ ಜಾಗ, ಬೆನ್ನಿನ ಮೇಲೆ ಹದಿನೈದು ಕಿಲೋ ಹೊತ್ತು ಗುಡಿಸಲಿನಿಂದ ಗುಡಿಸಲಿಗೆ ವಾರಗಟ್ಟಲೆ ನಡೆಯುವುದು, ಅಲ್ಲೆಲ್ಲ ಗಟ್ಟಿ ಬೂಟೇ ಬೇಕು. ಇಲ್ಲಿನ ಅಂಗಡಿಯವರು ಶೂಗಳನ್ನು ಎ ಇಂದ ಡಿವರೆಗೆ ವಿಂಗಡಿಸುತ್ತಾರೆ. ಎ ಮೆತ್ತಗಿನ ವಾಕಿಂಗ್ ಶೂ, ಡಿ ಮಂಜುಗಡ್ಡೆ ಹತ್ತುವ ಬೂಟು. ಅಪ್ರೋಚ್ ಶೂ ಸಾಮಾನ್ಯವಾಗಿ ಎ-ಬಿ ಅಥವಾ ಬಿ ಹತ್ತಿರ ಬರುತ್ತದೆ.

ಊರಿಗೆ ರಜೆಗೆ ಹೋದಾಗ ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ಸಾವನದುರ್ಗದ, ರಾಮನಗರದ, ಹಂಪಿಯ ಗ್ರಾನೈಟಿಗೆ, ಬಾದಾಮಿಯ ಮರಳುಗಲ್ಲಿಗೆ, ಚಳಿಗಾಲದಲ್ಲಿ, ಇದಕ್ಕಿಂತ ಒಳ್ಳೆಯ ಶೂ ಇಲ್ಲ. ಸಾವನದುರ್ಗದ ಓರೆ ಬಂಡೆಯಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲ, ಅಂಗಾಲು ಪೂರ್ತಿ ಒತ್ತಿ ರಬ್ಬರಿನ ಮೇಲೆ ನಂಬಿಕೆಯಿಟ್ಟು ನಡೆಯಬೇಕು. ಆದರೆ ಮಳೆಗಾಲದಲ್ಲಿ ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಚುಕ್ಕೆ ಅಟ್ಟೆಯ ಶೂ ಹಾಕಿಕೊಂಡು ಹೋಗಬೇಡಿ. ಅಲ್ಲಿನ ಕೆಂಪು ಕೆಸರು ನಿಮ್ಮನ್ನು ಕೂರಿಸಿಯೇ ಇಳಿಸುತ್ತದೆ. ಇಂಬಳದ ಬಗ್ಗೆ ನಾನು ಹೇಳುವುದೇ ಬೇಡ.

ಈಗ ಈ ಗೋಷ್ಠಿಯ ಮುಖ್ಯ ಪ್ರಶ್ನೆ. ಹೆಂಗಸರ ಶೂ ಅಂತ ಬೇರೆ ಯಾಕೆ?

ಬೆಟ್ಟಗಳಲ್ಲಿ ನಾವು ಕರೆಯದೆ ಬಂದ ಅತಿಥಿಗಳು ಎಂಬ ಭಾವನೆ ಬಹಳ ಕಾಲ ಇತ್ತು. ಲೂಸಿ ವಾಕರ್ 1871ರಲ್ಲಿ ಮ್ಯಾಟರ್‌ಹಾರ್ನ್ ಹತ್ತಿದ ಮೊದಲ ಮಹಿಳೆ, ಅದೂ ಉದ್ದ ಲಂಗದಲ್ಲಿ. ಅದಾಗಿ 36 ವರ್ಷಕ್ಕೆ, 1907ರಲ್ಲಿ, ಸ್ವಿಸ್ ಆಲ್ಪೈನ್ ಕ್ಲಬ್ಬು ಹೆಂಗಸರಿಗೆ ಸದಸ್ಯತ್ವ ಇಲ್ಲ ಎಂದು ನಿರ್ಧರಿಸಿತು. ಅವರು 1918ರಲ್ಲಿ ತಮ್ಮದೇ ಕ್ಲಬ್ಬು ಕಟ್ಟಿಕೊಂಡರು. ಎರಡೂ ಒಂದಾದದ್ದು 1980ರಲ್ಲಿ. ಹೀಗಿರುವಾಗ ನಮ್ಮ ಕಾಲಿಗೆಂದು ಬೇರೆ ಅಚ್ಚು ಮಾಡಬೇಕೆಂದು ಯಾರಿಗೆ ಹೊಳೆದೀತು? ಬಹಳ ವರ್ಷ ಗಂಡಸರ ಶೂವನ್ನೇ ಚಿಕ್ಕದು ಮಾಡಿ, ಬಣ್ಣ ಬದಲಿಸಿ ಮಾರುತ್ತಿದ್ದರು. ಈಗಲೂ ಕೆಲವರು ಹಾಗೆ ಮಾಡುತ್ತಾರೆ.

ಸರಿಯಾಗಿ ಮಾಡಿದ ಹೆಂಗಸರ ಅಚ್ಚಿನಲ್ಲಿ ಮೂರು ವ್ಯತ್ಯಾಸ ಇರುತ್ತವೆ. ಮುಂಗಾಲಿಗೆ ಹೋಲಿಸಿದರೆ ಹಿಮ್ಮಡಿ ಕಿರಿದು. ಪಾದದ ಮೇಲ್ಭಾಗದ ಎತ್ತರ, ಅಂದರೆ ಒಳಗಿನ ಜಾಗ, ಕಡಿಮೆ. ಹಗುರ ದೇಹಕ್ಕೆ ತಕ್ಕಂತೆ ಕೆಲವದರಲ್ಲಿ ಒಳಗಿನ ಅಟ್ಟೆ ಸ್ವಲ್ಪ ಮೆತ್ತಗೆ. ಹಿಮ್ಮಡಿ ಸಡಿಲವಿರುವ ಶೂನಲ್ಲಿ ಹತ್ತುವಾಗ ಕಾಲು ಮೇಲೆಕೆಳಗೆ ಆಡಿ ಬೊಬ್ಬೆ ಏಳುತ್ತದೆ. ಇಳಿಯುವಾಗ ಕಾಲು ಮುಂದೆ ಜಾರಿ ಉಗುರು ಕಪ್ಪಾಗುತ್ತದೆ. ಕಿರಿದಾದ ಹಿಮ್ಮಡಿ ಇರುವವರಿಗೆ ಹೆಂಗಸರ ಅಚ್ಚು ನಿಜವಾಗಿ ದೊಡ್ಡ ಉಪಕಾರ.

ಆದರೆ ಇದು ಸರಾಸರಿಯ ಮಾತು, ಅದೂ ಬಹುಮಟ್ಟಿಗೆ ಇಲ್ಲಿನವರ ಕಾಲಿನ ಸರಾಸರಿ. ನಮ್ಮಲ್ಲಿ ಎಷ್ಟು ಜನ ಬಾಲ್ಯದಲ್ಲಿ ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಬೆಳೆದವರು? ಕೈ ಎತ್ತಿ ನೋಡೋಣ. ನೋಡಿ, ಮುಕ್ಕಾಲು ಸಭೆ. ತೆರೆದು ಬೆಳೆದ ನಮ್ಮ ಕಾಲಿನ ಬೆರಳುಗಳು ಬೀಸಣಿಗೆಯ ಹಾಗೆ ಹರಡಿರುತ್ತವೆ. ಅಂಥ ಮುಂಗಾಲಿಗೆ ಹೆಂಗಸರ ಕಿರಿದಾದ ಶೂ ಹಾಕಿದರೆ ಕಿರುಬೆರಳು ಅಳುತ್ತದೆ. ಇನ್ನೊಂದು ಮಾತು, ತಾಯಂದಿರಿಗೆ. ಬಸಿರಿನ ಕಾಲದಲ್ಲಿ ಪಾದದ ಕಮಾನು ಇಳಿದು ಪಾದ ಉದ್ದವಾಗಬಹುದು, ಅಗಲವಾಗಬಹುದು. ಅನೇಕರಿಗೆ ಅದು ಹಾಗೇ ಉಳಿಯುತ್ತದೆ. ಮದುವೆಗೆ ಮುಂಚೆ ನನ್ನ ಸೈಜು 38 ಎಂಬ ನೆನಪಿನ ಮೇಲೆ ಆನ್‌ಲೈನಿನಲ್ಲಿ ಶೂ ತರಿಸಬೇಡಿ.

ಆದ್ದರಿಂದ ನನ್ನ ಸಲಹೆ: ಹೆಂಗಸರ ಕಪಾಟಿನಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ. ಗಂಡಸರ ಕಪಾಟಿನ ಸಣ್ಣ ಸೈಜು ನಿಮ್ಮ ಕಾಲಿಗೆ ಕೂತರೆ ಅದೇ ನಿಮ್ಮ ಶೂ. ಹಾಗೆಯೇ ಕಾಲು ತೆಳ್ಳಗಿರುವ ಗಂಡಸರು ಹೆಂಗಸರ ಶೂ ಹಾಕಿದರೆ ಬೆಟ್ಟ ಏನೂ ಅಂದುಕೊಳ್ಳುವುದಿಲ್ಲ. ಚಪ್ಪಲಿ ಎಲ್ಲಿ ಕಚ್ಚುತ್ತದೆ ಎನ್ನುವುದು ಹಾಕಿಕೊಂಡವರಿಗೇ ಗೊತ್ತು.

ಅಂಗಡಿಗೆ ಹೇಗೆ ಹೋಗಬೇಕು? ಮಧ್ಯಾಹ್ನದ ಮೇಲೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಊದುತ್ತದೆ. ಬೆಟ್ಟಕ್ಕೆ ಹಾಕುವ ಕಾಲುಚೀಲವನ್ನೇ ತಗೊಂಡು ಹೋಗಿ. ಒಳಗಿನ ಮೆತ್ತೆ ಹೊರಗೆ ತೆಗೆದು ಅದರ ಮೇಲೆ ನಿಂತು ನೋಡಿ. ಕಾಲಿನ ಅಂಚು ಮೆತ್ತೆಯ ಆಚೆ ಬಂದರೆ ಅದು ನಿಮ್ಮ ಅಗಲದ್ದಲ್ಲ. ಸೈಜಿನ ಅಂಕಿಯನ್ನು ನಂಬಬೇಡಿ. ಊರಿನಲ್ಲಿ ನಾವು ಬಳಸುವ ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್, ಇಲ್ಲಿನ ಯುರೋಪಿಯನ್ ಅಳತೆಯಲ್ಲಿ ಸುಮಾರು 6.7. ಹೀಗಾಗಿ ಪರಿವರ್ತನೆಯ ಕೋಷ್ಟಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾಗದದ ಮೇಲೆ ನಿಂತು ಎರಡೂ ಕಾಲು ಅಳೆದು ಮಿಲಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ದೊಡ್ಡ ಕಾಲಿಗೆ ಸರಿಯಾಗಿ ಕೊಳ್ಳಿ.

ಆಮೇಲೆ ಹಾಕಿಕೊಂಡು ಮೂರು ಪರೀಕ್ಷೆ. ಬಹುತೇಕ ದೊಡ್ಡ ಅಂಗಡಿಗಳಲ್ಲಿ ಒಂದು ಸಣ್ಣ ಇಳಿಜಾರಿನ ಹಲಗೆ ಇರುತ್ತದೆ. ಅದರ ಮೇಲೆ ಕೆಳಮುಖವಾಗಿ ನಿಂತು ಕಾಲನ್ನು ಮುಂದಕ್ಕೆ ಒತ್ತಿ. ಬೆರಳು ತುದಿಗೆ ತಾಗಿದರೆ ಆ ಶೂ ಬೇಡ, ಯಾಕೆಂದರೆ ಬೆಟ್ಟದಲ್ಲಿ ಅದು ಸಾವಿರ ಸಲ ತಾಗುತ್ತದೆ. ಮೇಲ್ಮುಖವಾಗಿ ಹತ್ತಿ, ಹಿಮ್ಮಡಿ ಏಳುತ್ತದಾ ನೋಡಿ. ಕೊನೆಗೆ ಹಲಗೆಯ ಅಂಚಿನ ಮೇಲೆ ಹೆಬ್ಬೆರಳಿನ ಭಾಗ ಮಾತ್ರ ಇಟ್ಟು ಒಂದು ಕಾಲಲ್ಲಿ ನಿಲ್ಲಿ. ಶೂ ಬಾಗಿ ಜಾರಿದರೆ ಬಂಡೆಗೆ ಮೆತ್ತಗಾಯಿತು ಎಂದರ್ಥ. ಹೆಚ್ಚು ನಡೆಯುವವರಿಗೆ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಲಿ, ಹೆಚ್ಚು ಬಂಡೆ ಹತ್ತುವವರು ಅದರ ಅರ್ಧಕ್ಕೆ ತೃಪ್ತಿಪಡಬಹುದು. ಮೂರು ನಾಲ್ಕು ಜೊತೆ ಹಾಕಿ ನೋಡಿ. ನಾವು ಸೀರೆ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸುವಾಗ ಇಲ್ಲದ ಸಂಕೋಚ ಶೂ ಅಂಗಡಿಯಲ್ಲಿ ಯಾಕೆ? ಒಮ್ಮೆ ಒಬ್ಬ ಮಾರಾಟಗಾರ ನನಗೆ "ಹೆಂಗಸರಿಗೆ ಇಷ್ಟು ಗಟ್ಟಿ ಅಟ್ಟೆ ಬೇಡ" ಎಂದು ಮೆತ್ತಗಿನದನ್ನೇ ಮುಂದಿಡುತ್ತಿದ್ದ. ನಾನು ಹೋಗುವ ದಾರಿಯ ಹೆಸರು ಹೇಳಿದೆ. ಆಮೇಲೆ ಒಳಗಿಂದ ಬೇರೆ ಡಬ್ಬಿ ಬಂತು. ನೀವೂ "ಬೆಟ್ಟಕ್ಕೆ ಶೂ ಬೇಕು" ಅನ್ನಬೇಡಿ. ಯಾವ ದಾರಿ, ಯಾವ ಬಣ್ಣ, ಎಷ್ಟು ಹೊತ್ತು ನಡಿಗೆ ಎಂದು ಹೇಳಿ.

ಗೋರ್-ಟೆಕ್ಸ್ ಬೇಕಾ ಎಂಬುದು ಪ್ರತಿಯೊಬ್ಬರ ಪ್ರಶ್ನೆ. ಬೆಳಗಿನ ಇಬ್ಬನಿಯ ಹುಲ್ಲು, ವಸಂತದ ಕರಗುವ ಹಿಮ, ತುಂತುರು ಮಳೆ, ಇದಕ್ಕೆಲ್ಲ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಕಾಲು ಬೇಯುತ್ತದೆ. ಗಿಡ್ಡ ಶೂ ಆದ್ದರಿಂದ ಮೇಲಿನಿಂದ ನೀರು ಒಳಗೆ ಹೋದರೆ ಒಣಗುವುದು ನಿಧಾನ. ಜುಲೈ ಆಗಸ್ಟಿನಲ್ಲಿ ಮಾತ್ರ ಹೋಗುವವರಿಗೆ ನಾನು ಬೇಡ ಅನ್ನುತ್ತೇನೆ, ಮೇ ಮತ್ತು ಅಕ್ಟೋಬರಿನಲ್ಲೂ ಹೋಗುವವರಿಗೆ ಬೇಕು ಅನ್ನುತ್ತೇನೆ.

ಇನ್ನು ಹಳೆಯ ಶೂ. "ನಮ್ಮತ್ತೆ ಎಂಟು ವರ್ಷದ ಹಿಂದೆ ಬಂದಾಗ ಕೊಂಡದ್ದು, ಎರಡೇ ಸಲ ಹಾಕಿದ್ದು, ಹೊಸದರ ಹಾಗಿದೆ" ಎಂದು ಕಪಾಟಿನಿಂದ ತೆಗೆಯುತ್ತಾರೆ. ಹುಷಾರು. ಅನೇಕ ಬೂಟುಗಳಲ್ಲಿ ನಡುವಿನ ಅಟ್ಟೆ ಪಾಲಿಯುರೆಥೇನಿನದು. ಗಾಳಿಯ ತೇವ ಸೇರಿ ಅದು ವರ್ಷಗಳಲ್ಲಿ ಒಳಗೊಳಗೇ ಹುಡಿಯಾಗುತ್ತದೆ. ಹಾಕದೆ ಡಬ್ಬಿಯಲ್ಲಿ ಮುಚ್ಚಿಟ್ಟರೂ ತಪ್ಪುವುದಿಲ್ಲ, ಹಾಕುತ್ತಿದ್ದರೆ ಸ್ವಲ್ಪ ಹೆಚ್ಚೇ ಬಾಳುತ್ತದೆ. ಬೆಟ್ಟದ ನಡುವೆ ಅಟ್ಟೆ ಪೂರ್ತಿ ಕಿತ್ತು ಬಂದದ್ದನ್ನು ನಾನೇ ಎರಡು ಸಲ ನೋಡಿದ್ದೇನೆ. ಹೆಬ್ಬೆರಳಿನಿಂದ ನಡು ಅಟ್ಟೆಯನ್ನು ಒತ್ತಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಅದನ್ನು ಮನೆಯಲ್ಲೇ ಬಿಡಿ. ಒಳ್ಳೆಯ ಅಪ್ರೋಚ್ ಶೂ ಸುಮಾರು 130ರಿಂದ 200 ಯೂರೋ ಆಗುತ್ತದೆ. ಕಡಿಮೆಯಲ್ಲ, ಒಪ್ಪುತ್ತೇನೆ. ಮೇಲ್ಭಾಗ ಚೆನ್ನಾಗಿದ್ದರೆ ಎಷ್ಟೋ ಮಾದರಿಗಳಿಗೆ ಹೊಸ ಅಟ್ಟೆ ಹಾಕಿಸಬಹುದು, ಕೊಳ್ಳುವಾಗಲೇ ಕೇಳಿ. ಋತು ಮುಗಿಯುವ ಶರತ್ಕಾಲದಲ್ಲಿ ಹಳೆಯ ಬಣ್ಣದ ಮಾದರಿಗಳ ಬೆಲೆ ಇಳಿಯುತ್ತದೆ. ಬಣ್ಣದ ಹಟ ಇಲ್ಲದವರಿಗೆ ಲಾಭ.

ಇಷ್ಟೆಲ್ಲ ಹೇಳಿ, ಶೂ ಮಾಡಲಾಗದ್ದನ್ನು ಹೇಳದಿದ್ದರೆ ನಾನು ಮತ್ತೊಂದು "ಸಾಕು" ಹೇಳಿದ ಹಾಗಾಗುತ್ತದೆ. ತುಳಿದು ನುಣುಪಾದ ಒದ್ದೆ ಸುಣ್ಣಕಲ್ಲಿನ ಮೇಲೆ ಯಾವ ರಬ್ಬರೂ ಭರವಸೆಯಲ್ಲ. ಮಳೆ ಬಂದರೆ ವಾಪಸ್ಸು ಬನ್ನಿ, ಇಲ್ಲವೇ ನಿಧಾನ ಮಾಡಿ. ಕೇಬಲ್ ಕಾರ್ ತಪ್ಪಿದರೆ ನಡೆದು ಇಳಿಯಬಹುದು. ಹೊಸ ಶೂ ಹಾಕಿಕೊಂಡು ನೇರ ಶಿಖರಕ್ಕೆ ಹೋಗಬೇಡಿ, ಎರಡು ಮೂರು ಸಲ ಊರ ಹತ್ತಿರ ನಡೆದು ಪಳಗಿಸಿ. ಯುರೋಪಿನಲ್ಲಿ ತುರ್ತು ಸಂಖ್ಯೆ 112, ಎಲ್ಲರ ಫೋನಿನಲ್ಲೂ ಮಕ್ಕಳಿಗೂ ಗೊತ್ತಿರಲಿ. ಫೋನ್ ಸಿಗದಿದ್ದರೆ ಆಲ್ಪ್ಸ್‌ನ ಸಂಕೇತ ನೆನಪಿಡಿ: ಒಂದು ನಿಮಿಷದಲ್ಲಿ ಆರು ಸಲ ಕೂಗು, ಸೀಟಿ ಅಥವಾ ಟಾರ್ಚಿನ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು ಸಲ. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ಯಾರೋ ಕೇಳಿಸಿಕೊಂಡರು ಎಂದರ್ಥ. ಜರ್ಮನ್ ಆಲ್ಪೈನ್ ಕ್ಲಬ್ಬಿನ ಸದಸ್ಯತ್ವದಲ್ಲಿ ಬೆಟ್ಟದ ರಕ್ಷಣಾ ವೆಚ್ಚದ ವಿಮೆಯೂ ಸೇರಿದೆ. ವರ್ಷಕ್ಕೆ ನಾಲ್ಕು ಸಲ ಹೋಗುವವರೂ ಸೇರಿಕೊಳ್ಳುವುದು ಒಳ್ಳೆಯದು. ಮತ್ತೆ, ಹೊಸದಾಗಿ ಬಂದವರಿಗೆ ಇಲ್ಲಿನ ಕಾನೂನಿನ ಒಂದು ಮಾತು: ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದಿದ್ದರೆ, ಕಾಯಿಲೆ ಬಿದ್ದಾಗ ಆರು ವಾರದವರೆಗೆ ಕಂಪನಿಯೇ ಸಂಬಳ ಕೊಡುತ್ತದೆ, ಪರೀಕ್ಷಾ ಅವಧಿಯಲ್ಲಿದ್ದರೂ ಸರಿ. ನನ್ನ ಗೆಳತಿಗೆ ಇದು ಗೊತ್ತಿರಲಿಲ್ಲ. ಆಸ್ಪತ್ರೆಯ ಮೊದಲ ರಾತ್ರಿ ಅವಳು ಅತ್ತದ್ದು ನೋವಿಗೆ ಅಂದುಕೊಂಡಿದ್ದೆ. ಸಂಬಳದ ಚಿಂತೆಗೆ ಎಂದು ಬೆಳಿಗ್ಗೆ ಗೊತ್ತಾಯಿತು.

ಮರುವರ್ಷ ಜೂನಿನಲ್ಲಿ ಅವಳೇ ಫೋನ್ ಮಾಡಿದಳು. "ಅಕ್ಕಾ, ಶೂ ಕೊಳ್ಳಬೇಕು, ಬರ್ತೀರಾ?" ಇಬ್ಬರೂ ಹೋಗಿ ಎರಡು ಗಂಟೆ ಕೂತೆವು. ಏಳು ಜೊತೆ ಹಾಕಿ ನೋಡಿದಳು. ಅವಳ ಕಾಲು ನಮ್ಮ ಊರಿನ ಅಗಲ ಕಾಲು, ಹೆಂಗಸರ ಕಪಾಟಿನ ಆರೂ ಕಚ್ಚಿದವು. ಏಳನೆಯದು ಗಂಡಸರ ಕಪಾಟಿನ ಬೂದು ಬಣ್ಣದ್ದು, ನೋಡಲು ಚೆಂದವೇನಲ್ಲ. ಅದನ್ನು ಹಾಕಿ ಹಲಗೆಯ ಮೇಲೆ ಹತ್ತಿ ಇಳಿದು, ಅಂಚಿನ ಮೇಲೆ ಶಸ್ತ್ರಚಿಕಿತ್ಸೆಯಾದ ಬಲಗಾಲಲ್ಲೇ ನಿಂತಳು. ಹತ್ತು ಎಣಿಸುವಷ್ಟು ಹೊತ್ತು ನಿಂತಳು.

ಆ ಆಗಸ್ಟಿನಲ್ಲಿ, ಒಣ ದಿನ ನೋಡಿ, ಮತ್ತೆ ಕಾಂಪನ್‌ವಾಂಡ್‌ಗೆ ಹೋದೆವು. ಅವಳು ಜಾರಿದ ಮೆಟ್ಟಿಲ ಹತ್ತಿರ ಬಂದಾಗ ಬಗ್ಗಿ ಲೇಸು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಹಿಂದೆ ಕಾಯುತ್ತಿದ್ದ ಜನಕ್ಕೆ "ಒಂದು ನಿಮಿಷ" ಅಂದಳು. ಯಾರೂ ಅವಸರ ಮಾಡಲಿಲ್ಲ. ಶಿಖರದಿಂದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಹಿಂದಿನ ವರ್ಷದ ನಿಜವನ್ನೂ ಹೇಳಿದಳು. ಅಮ್ಮ ಬೈದರು, ಆಮೇಲೆ "ಕಾಲಿಗೆ ಏನು ಹಾಕ್ಕೊಂಡಿದೀಯ, ತೋರಿಸು" ಅಂದರು.

ನಿಮ್ಮ ಗುಂಪಿನಲ್ಲೂ ಈ ವರ್ಷ ಯಾರೋ ಹೊಸಬರು ಬಂದಿರುತ್ತಾರೆ. ಹೊರಡುವ ಹಿಂದಿನ ದಿನ ನಿಮಗೆ ಮೆಸೇಜ್ ಹಾಕಿ ಕೇಳುತ್ತಾರೆ. ದಯವಿಟ್ಟು ಫೋನ್ ಎತ್ತಿ ಐದು ನಿಮಿಷ ಮಾತಾಡಿ. ಅಟ್ಟೆಯ ಫೋಟೋ ಕಳಿಸಲು ಹೇಳಿ. ಬೇಕಾದರೆ ದಾರಿ ಬದಲಿಸಿ, ಅವರ ಶೂಗೆ ತಕ್ಕ ಬೆಟ್ಟಕ್ಕೆ ಎಲ್ಲರೂ ಹೋಗಿ.

 ಊಟದ ವಿರಾಮದಲ್ಲಿ ನಾನು ಬಾಗಿಲ ಹತ್ತಿರ ಇರುತ್ತೇನೆ, ನಿಮ್ಮ ಶೂ ಬಿಚ್ಚಿ ತಂದರೂ ಸಂಕೋಚವಿಲ್ಲ, ಅಟ್ಟೆ ನೋಡಿ ಹೇಳುತ್ತೇನೆ.